ಎಡಗಡೆಯ ಕೆಳಗಿನ ಮೂಲೆ

ಕಚೇರಿಗೆ ಹೊಸದಾಗಿ ಬಂದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ, ಆಮೇಲೆ ಮತ್ತೆ ಮುಖ ನೋಡುತ್ತಾರೆ. ಎಡಗೈಯ ಕಿರುಬೆರಳು ಹೊರಕ್ಕೆ ತಿರುಗಿದೆ, ಅದರ ಪಕ್ಕದ ಬೆರಳು ಪೂರ್ತಿ ಮಡಚುವುದಿಲ್ಲ, ಬಲಗೈ ಹೆಬ್ಬೆರಳಿನ ಗಿಣ್ಣು ಬೆಲ್ಲದ ಹೆಂಟೆಯಂತೆ ಉಬ್ಬಿಕೊಂಡಿದೆ. "ಎಲ್ಲೆರೆ ಬಿದ್ದಿದ್ರೇನ್ರಿ ಮೇಡಂ?" ಎಂದು ಕೇಳುತ್ತಾರೆ. "ಹೌದ್ರಿ, ಬೀಳೂದ ನನ್ನ ಕೆಲಸ ಆಗಿತ್ತು" ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಪಾಪ ಎನ್ನುತ್ತಾರೆ. ಪಾಪ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನಾನು ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದೆ. ಆ ಹೆಸರಿನ ಹುದ್ದೆ ಯಾವ ಕಚೇರಿಯಲ್ಲೂ ಇಲ್ಲವಾದ್ದರಿಂದ ಕಾಗದದ ಮೇಲೆ ನಾನು ಗುಮಾಸ್ತೆ. ಆದರೆ ತೊಂಬತ್ತರ ದಶಕದ ನಡುವಿನಿಂದ ಮುಂದಿನ ದಶಕ ಮುಗಿಯುತ್ತ ಬರುವವರೆಗೆ ನಾನು ತಿಂದ ರೊಟ್ಟಿ ಎರಡು ಕಂಬಗಳ ನಡುವೆ ನಿಂತು ಗಳಿಸಿದ್ದು. ರಾಜ್ಯಕ್ಕೆ ಆಡಿದೆ, ಇಲಾಖೆಗೆ ಆಡಿದೆ, ಹೆಸರೇ ಕೇಳಿರದ ಊರುಗಳ ನೆಲದ ರುಚಿ ನೋಡಿದೆ. ರುಚಿ ಅಂದದ್ದು ಅಲಂಕಾರಕ್ಕಲ್ಲ. ಬಿದ್ದಾಗ ಬಾಯೊಳಗೆ ಮಣ್ಣು ಹೋಗುತ್ತದೆ, ಊರಿಂದ ಊರಿಗೆ ಅದರ ರುಚಿ ಬೇರೆ. ಇದೆಲ್ಲ ಶುರುವಾಗುವ ಮೊದಲೇ ಮುಗಿದುಹೋಗುತ್ತಿತ್ತು. ಹಾಗೆ ಮುಗಿಯದಂತೆ ನೋಡಿಕೊಂಡವಳು ನನ್ನ ಆಯಿ, ಅಂದರೆ ಅಪ್ಪನ ತಾಯಿ. ಮುಗಿಸುವುದಕ್ಕೆ ಹೊರಟಿದ್ದವಳೂ ಅವಳೇ.

ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಮುಂದೆ ಕಾಳಿನ ಅಂಗಡಿ, ಹಿಂದೆ ಮನೆ. ಅಂಗಡಿಯ ಮಾಳಿಗೆಯ ಮೇಲೆ ಖಾಲಿ ಗೋಣಿಚೀಲಗಳನ್ನು ಕಟ್ಟಿಕಟ್ಟಿ ಇಟ್ಟಿರುತ್ತಿದ್ದರು. ಅಪ್ಪ ಮೇಲಿನಿಂದ ಕಟ್ಟು ಒಗೆಯುವುದು, ನಾನು ಕೆಳಗೆ ನಿಂತು ಹಿಡಿಯುವುದು. ನೆಲಕ್ಕೆ ಬಿದ್ದರೆ ಧೂಳೆದ್ದು ತೆರೆದಿಟ್ಟ ಬೇಳೆಯ ಮೇಲೆ ಕೂರುತ್ತಿತ್ತು, ನನ್ನ ಬೆನ್ನ ಮೇಲೆ ಅಪ್ಪನ ಬೈಗಳೂ ಕೂರುತ್ತಿದ್ದವು. ಹಾಗಾಗಿ ನಾನು ಬೀಳಿಸುತ್ತಿರಲಿಲ್ಲ. ನನ್ನ ಕೈ ಮೊದಲಿನಿಂದಲೂ ಮೊರದಷ್ಟು ಅಗಲ. ಅವ್ವ ಬಳೆಗಾರನ ಮುಂದೆ ನನ್ನ ಕೈ ಹಿಡಿದು ಕೂತರೆ ಅವನು ಬೇರೆ ಪೆಟ್ಟಿಗೆ ತೆಗೆಯುತ್ತಿದ್ದ.

ಒಂದು ದಿನ ತೊಗರಿಬೇಳೆ ಕೊಳ್ಳಲು ಬಂದಿದ್ದ ಒಬ್ಬರು ಈ ಹಿಡಿಯುವ ಆಟವನ್ನು ನೋಡುತ್ತ ನಿಂತರು. ನಮ್ಮ ಓಣಿ ತಿರುಗುವಲ್ಲಿ ಮುಸ್ಲಿಮರ ಮನೆಗಳು ಶುರುವಾಗುತ್ತವೆ, ಅಲ್ಲಿಯವರು. ಪ್ರಾಯದಲ್ಲಿ ತಾವೂ ಚೆಂಡಾಡಿದವರು, ಆಗ ನಾನು ಓದುತ್ತಿದ್ದ ಕಾಲೇಜಿನಲ್ಲೇ ಆಟದ ಮೇಷ್ಟ್ರು. ನಾವೆಲ್ಲ ಸರ್ ಎನ್ನುತ್ತಿದ್ದೆವು. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತೇನೆಂದು ಹೊರಟು ಊರವರ ಬಾಯಿಗೆ ಬಿದ್ದಿದ್ದರು.

"ಸಾವಕಾರ್ರ, ಈ ಹುಡುಗಿನ್ನ ನನಗ ಕೊಡ್ರಿ" ಅಂದರು.

ಅಪ್ಪ ತಕ್ಕಡಿ ಎತ್ತಿ ಹಿಡಿದವನು ಹಿಡಿದೇ ನಿಂತ. "ಏನಂದ್ರಿ?"

"ಚೆಂಡು ಹಿಡಿಯಾಕ್ರೀ. ಗೋಲಿನಾಗ ನಿಂದ್ರಸ್ತೇನಿ. ಇಂಥಾ ಕೈ ನಾ ಎಲ್ಲೂ ನೋಡಿಲ್ಲ."

ಅಪ್ಪ ಬೇಳೆ ತೂಗಿ ಕೊಟ್ಟ. ಸರ್ ಹೋದ ಮೇಲೆ ಮನೆಯೊಳಗೆ ಬಂದು ಸಿಡಿದ. "ಹೆಣ್ಣಹುಡುಗಿ ಮಂದಿ ಮುಂದ ನೆಲದಾಗ ಉಳ್ಳ್ಯಾಡಿದ್ರ ನಾಳೆ ಯಾರು ಮಾಡ್ಕೋತಾರ? ಬ್ಯಾಡ ಅಂದ್ರ ಬ್ಯಾಡ." ನಾನು ಅಪ್ಪನ ಮಗಳೇ, ನನಗೂ ಸಿಟ್ಟು ಮೂಗಿನ ತುದಿಯಲ್ಲಿ. ಆ ದಿನ ಇಬ್ಬರೂ ಉಣ್ಣಲಿಲ್ಲ. ಆಟ ಅಂದರೆ ಏನೆಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಇಂಥಾ ಕೈ ಎಲ್ಲೂ ನೋಡಿಲ್ಲ ಎಂದು ಆ ತನಕ ಯಾರೂ ನನಗೆ ಅಂದಿರಲಿಲ್ಲ. ಅಷ್ಟೇ ಸಾಕಾಗಿತ್ತು.

ನಮ್ಮ ಮನೆಯಲ್ಲಿ ಕೊನೆಯ ಮಾತು ಆಯಿಯದು. ಅವಳು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ಏನ್ ಮಾಡೂದದು, ಹೇಳು."

"ಎರಡು ಕಂಬ ಇರತಾವ ಆಯಿ. ನಡುವ ಚೆಂಡು ಹೋಗದಂಗ ಕಾಯೂದು."

"ಉಳದವ್ರು?"

"ಅವ್ರು ಓಡ್ಯಾಡಿ ಆಡತಾರ. ನಾ ಒಬ್ಬಾಕೀನ ಅಲ್ಲೇ ನಿಂತಿರೂದು."

"ಚೆಂಡು ಹೋದ್ರ?"

"ಎಲ್ಲಾರೂ ನನಗ ಬೈತಾರ."

ಆಯಿಯ ತವರು ಹೆಬ್ಬಳ್ಳಿ. ಮದುವೆಯಾಗಿ ಹುಬ್ಬಳ್ಳಿಗೆ ಬರುವ ತನಕ ಪ್ರತಿ ಸುಗ್ಗಿಗೂ ಅವಳನ್ನು ಜೋಳದ ಹೊಲದ ನಡುವೆ ಅಟ್ಟಣಿಗೆಯ ಮೇಲೆ ಕೂರಿಸುತ್ತಿದ್ದರಂತೆ, ಕೈಯಲ್ಲಿ ಕವಣೆ ಕೊಟ್ಟು, ಹಕ್ಕಿ ಓಡಿಸಲು. ಸಂಜೆಗೆ ತೆನೆ ಖಾಲಿ ಕಂಡರೆ ಅವಳ ತಂದೆ ಹಕ್ಕಿಗೆ ಬೈಯುತ್ತಿರಲಿಲ್ಲ, ಅವಳಿಗೆ ಬೈಯುತ್ತಿದ್ದ.

"ಹಂಗಾರ ಇದು ಹಕ್ಕಿ ಕಾಯೂ ಕೆಲಸ" ಅಂದಳು, ಅಪ್ಪನ ಕಡೆ ತಿರುಗಿದಳು. "ಮಾಡ್ಲಿ ಬಿಡೋ. ನಾ ಮಾಡಿಲ್ಲೇನು?"

ಆದರೆ ಅವಳದೊಂದು ಕರಾರಿತ್ತು. ನಮ್ಮದು ಲಿಂಗ ಕಟ್ಟುವ ಮನೆತನ. ಬೆಳಿಗ್ಗೆ ಎದ್ದು ಮಿಂದು, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಯಾರ ಬಾಯಿಗೂ ಚಹಾ ಬೀಳುವಂತಿರಲಿಲ್ಲ. ಲಿಂಗ ಮೈಬಿಟ್ಟು ಹೋಗಬಾರದು, ಮಲಗಿದರೂ ಎದ್ದರೂ ಮೈಮೇಲೆಯೇ ಇರಬೇಕು. ಇದು ಎಲ್ಲರ ಮನೆಯ ಮಾತು. ಆಯಿಗೆ ಮಾತ್ರ ಅದು ಉಸಿರಾಡುವಷ್ಟೇ ಸಹಜ, ಅಷ್ಟೇ ಕಡ್ಡಾಯ. "ಎಲ್ಲೆ ಬೇಕಾದಲ್ಲೆ ಆಡು. ಲಿಂಗ ಮೈಬಿಟ್ಟು ಇಳಿತು ಅಂದ್ರ ಆ ದಿನಾನ ಆಟ ಬಂದ್" ಅಂದಳು. ನಾನು ಹೂಂ ಅಂದೆ. ಹೂಂ ಅನ್ನಲು ಏನು ಹೋಗಬೇಕು?

ಮೊದಲ ವಾರವೇ ಗೊತ್ತಾಯಿತು. ನೆಗೆದು ಬಿದ್ದರೆ ಶಿವದಾರ ಕೊರಳಿಗೆ ಬಿಗಿಯುತ್ತಿತ್ತು, ಲಿಂಗ ಎದ್ದು ಬಂದು ಗದ್ದಕ್ಕೆ ಹೊಡೆಯುತ್ತಿತ್ತು. ಗದ್ದ ಸೀಳಿದ್ದು ನೋಡಿ ಸರ್ ಒಂದು ಉಪಾಯ ಹೇಳಿದರು. "ನಮ್ಮ ಹುಡುಗ್ರು ತಾಯ್ತ ತೋಳಿಗೆ ಕಟ್ಕೊಂಡು ಆಡತಾರವಾ. ನಿಮ್ಮಾಗ ತೋಳಿಗೆ ನಡಿತೈತೇನ ಕೇಳು." ಆಯಿಯನ್ನು ಕೇಳಿದೆ. ಆಯಿ, ಪೂಜೆ ಮಾಡಿಸುವ ಓಣಿಯ ಅಯ್ಯನವರನ್ನು ಕೇಳಿ ಬಂದಳು. ತೋಳಿಗೆ ಕಟ್ಟಬಹುದು, ಹಿಂದಿನವರು ಕಟ್ಟಿದ್ದುಂಟು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ನನ್ನ ಎಡತೋಳಿಗೆ ಇಟ್ಟು, ಮೇಲೆ ಕ್ರೇಪ್ ಬ್ಯಾಂಡೇಜ್ ಬಿಗಿದು ಗಂಟು ಹಾಕಿದಳು. ಗಂಟು ಹಾಕುತ್ತ ಅಂದಳು, "ಹೊಕ್ಕಳಿಂದ ಕೆಳಗ ಇಳೀಬಾರದು ನೋಡು. ಅದೊಂದ ನೆಪ್ಪಿರಲಿ."

ಅದೂ ಎಲ್ಲರ ಮನೆಯ ಮಾತೇ. ಲಿಂಗ ಹೊಕ್ಕುಳಿನಿಂದ ಕೆಳಗೆ ಇಳಿಯಬಾರದು. ಕೊರಳಲ್ಲಿದ್ದಾಗ ಯಾರಿಗೂ ಇದು ಕಷ್ಟದ ನೇಮವಲ್ಲ. ತೋಳೂ ಹೊಕ್ಕುಳಿನ ಮೇಲೆಯೇ ಇದೆ ಎಂದು ಆಯಿ ತಿಳಿದಳು, ಅಯ್ಯನವರು ತಿಳಿದರು, ನಾನೂ ತಿಳಿದೆ. ತೋಳು ಒಂದೇ ಕಡೆ ನಿಲ್ಲುವ ವಸ್ತುವಲ್ಲ ಎಂಬುದು ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ನಮ್ಮ ಮೈದಾನದ ಬಗ್ಗೆ ಎರಡು ಮಾತು ಹೇಳಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗುತ್ತೀರಿ, ನಗಿ. ಆ ನೆಲ ನಿಜಕ್ಕೂ ಡೊಂಕಾಗಿತ್ತು. ಒಂದು ಗೋಲಿನ ಮುಂದೆ ಸಣ್ಣ ಕಲ್ಲಿನ ಗರಸು, ಇನ್ನೊಂದು ಗೋಲಿನ ಮುಂದೆ ಹೊಂಡ. ಗರಸಿನಲ್ಲಿ ಬಿದ್ದರೆ ಮೊಣಕೈ, ತೊಡೆಯ ಪಕ್ಕ ತರಿದು ಹೋಗುತ್ತಿತ್ತು. ಹೊಂಡದಲ್ಲಿ ಮಳೆಗಾಲಕ್ಕೆ ಎಮ್ಮೆ ಬಿದ್ದುಕೊಂಡಿರುತ್ತಿದ್ದವು, ಅವನ್ನು ಎಬ್ಬಿಸುವುದೂ ಗೋಲ್‌ಕೀಪರಿನ ಕೆಲಸವೇ. ಕೈಗವಸು ಅಂದರೆ ಚಳಿಗಾಲದಲ್ಲಿ ಸ್ಕೂಟರ್ ಓಡಿಸುವವರು ಹಾಕುವಂಥವು. ಸಂಜೆ ಮನೆಗೆ ಬಂದರೆ ಆಯಿ ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚುತ್ತ ಒಂದೊಂದು ಗಾಯಕ್ಕೂ ಒಂದೊಂದು ಬೈಗಳ ಬೈಯುತ್ತಿದ್ದಳು. ಬೈಗಳು ಮುಗಿದ ಮೇಲೆ ಬ್ಯಾಂಡೇಜ್ ಬಿಚ್ಚಿ, ಲಿಂಗವನ್ನು ಮತ್ತೆ ಕೊರಳಿಗೆ ಹಾಕುತ್ತಿದ್ದಳು.

ಮೊದಲ ಪಂದ್ಯ ಆಡಿದ್ದು ಗದಗಿನಿಂದ ಬಂದಿದ್ದ ತಂಡದ ಎದುರು. ಮೇಲೆ ಬಂದ ಚೆಂಡು ಹಿಡಿದೆ, ಬಲಗಡೆ ಬಂದದ್ದು ಹಿಡಿದೆ. ಜನ ಚಪ್ಪಾಳೆ ಹೊಡೆದರು, ನನ್ನ ತಲೆ ತಿರುಗಿತು. ಆಮೇಲೆ ಒಂದು ಚೆಂಡು ಎಡಗಡೆ ನೆಲ ಹತ್ತಿಕೊಂಡು ಉರುಳಿ ಬಂತು. ಕೂಸು ಕೂಡ ಹಿಡಿಯುವಂಥದ್ದು. ನಾನು ಬಗ್ಗಿದೆ, ಎಡಗೈ ಚಾಚಿದೆ, ತೋಳು ಸೊಂಟದ ಹತ್ತಿರ ಬಂದಾಗ ಅಲ್ಲಿಗೇ ನಿಂತುಬಿಟ್ಟಿತು. ಹೊಕ್ಕಳಿಂದ ಕೆಳಗೆ. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಬಾಲ್ಯದಿಂದ ಕಲಿತದ್ದು ತಲೆಯಲ್ಲಿ ಇರುವುದಿಲ್ಲ, ಕೀಲುಗಳಲ್ಲಿ ಇರುತ್ತದೆ. ಚೆಂಡು ನನ್ನ ಕಾಲ ಪಕ್ಕದಿಂದ ಒಳಗೆ ಹೋಯಿತು.

ಆ ವರ್ಷ ಪೂರ್ತಿ ಹೀಗೆಯೇ. ಎಡಗಡೆಯ ಕೆಳಗಿನ ಮೂಲೆ ನಮ್ಮ ಎದುರಾಳಿಗಳಿಗೆ ತೆರೆದಿಟ್ಟ ಬಾಗಿಲು. ಬೆಳಗಾವಿಯವರಿಗೆ ಗೊತ್ತಾಯಿತು, ಅವರಿಂದ ಉಳಿದವರಿಗೂ ಗೊತ್ತಾಯಿತು. ನಮ್ಮ ಹುಡುಗಿಯರೇ ಕಾಡಿಸತೊಡಗಿದರು. "ಎಡಗಡೆ ಲಕ್ವಾ ಹೊಡದೈತೇನ ನಿನಗ?" ನಾನು ಎದುರು ಬೈದೆ, ಒಬ್ಬಳ ಜಡೆ ಹಿಡಿದೂ ಎಳೆದೆ. ಕಾರಣ ಮಾತ್ರ ಹೇಳಲಿಲ್ಲ. ಹೇಳಿದರೆ ನಗುತ್ತಾರೆ. ನಕ್ಕರೆ ಆಯಿಯನ್ನು ನಕ್ಕ ಹಾಗೆ. ಲಿಂಗ ಕಳಚಿಟ್ಟು ಆಡಿ ಮನೆಗೆ ಹೋಗುವಾಗ ಕಟ್ಟಿಕೊಂಡರೆ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ಆಯಿ ನೋಡುತ್ತಿರಲಿಲ್ಲ, ನಿಜ. ಅದಕ್ಕೇ ನನ್ನಿಂದ ಆಗಲಿಲ್ಲ.

ಮುಂದಿನ ವರ್ಷ ಧಾರವಾಡದಲ್ಲಿ ರಾಜ್ಯ ತಂಡದ ಆಯ್ಕೆ ನಡೆಯುವುದೆಂದು ಸುದ್ದಿ ಬಂತು. ರಾಜ್ಯಕ್ಕೆ ಆಡಿದರೆ ನೌಕರಿ ಸಿಗಬಹುದು, ನೌಕರಿ ಸಿಕ್ಕರೆ ಅಪ್ಪ ಹುಡುಕುತ್ತಿದ್ದ ಗಂಡುಗಳಿಂದ ತಪ್ಪಿಸಿಕೊಳ್ಳಬಹುದು. ನನಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಸರ್ ದಿನಾ ಬೆಳಿಗ್ಗೆ ನನ್ನ ಎಡಗಡೆಗೇ ಚೆಂಡು ಒದ್ದರು. ಒದ್ದು ಒದ್ದು ಅವರ ಕಾಲು ಸೋತಿತು, ನನ್ನ ತೋಳು ಇಳಿಯಲಿಲ್ಲ. ಕೊನೆಗೆ ಅವರು ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಬಂದು ನನ್ನ ಮುಂದೆ ನಿಂತರು.

"ನೋಡವಾ, ನಿನಗ ಕೈ ಐತಿ, ಕಣ್ಣೈತಿ, ಧೈರ್ಯ ಐತಿ. ಈ ಮೂಲಿಗೆ ಯಾಕ ಹೋಗವಲ್ಲಿ? ಖರೇ ಹೇಳು. ಹೇಳಲಿಲ್ಲಂದ್ರ ಧಾರವಾಡಕ್ಕ ಇನ್ನೊಬ್ಬಾಕಿನ್ನ ಕರ್ಕೊಂಡು ಹೋಗತೇನಿ."

ಅಳು ಬಂತು. ತೋಳಿನ ಬ್ಯಾಂಡೇಜ್ ಮುಟ್ಟಿ ತೋರಿಸಿ ಹೇಳಿಬಿಟ್ಟೆ. ನಗುತ್ತಾರೆಂದು ಕಾದೆ. ಸರ್ ನಗಲಿಲ್ಲ. ಚೆಂಡನ್ನು ನೆಲಕ್ಕಿಟ್ಟು ಅದರ ಮೇಲೆ ಕೂತರು. "ಒಂದು ವರ್ಷದಿಂದ ನಾ ನಿನ್ನ ಕಾಲು ತಿದ್ದಾಕತ್ತೇನಿ" ಅಂದರು. "ನಡಿ, ನಿಮ್ಮ ಆಯಿ ಕಡೆ ಹೋಗೂಣು."

ಆಯಿ ಅಂಗಡಿಯ ಒಳಬಾಗಿಲಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದಳು. ಸರ್ ಹೊಸ್ತಿಲ ಆಚೆಯೇ ನಿಂತು ಎಲ್ಲ ಹೇಳಿದರು. ಲಿಂಗ ತೆಗೆಯಿರಿ ಎಂದು ಒಮ್ಮೆಯೂ ಅನ್ನಲಿಲ್ಲ, ಹುಡುಗಿ ಮಾತು ಉಳಿಸಿಕೊಳ್ಳಲು ಹೋಗಿ ಗೋಲು ಬಿಡುತ್ತಿದ್ದಾಳೆ ಎಂದರು. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ಛಲೋ ಆತು, ಇನ್ನ ಬಿಡಸ್ರಿ" ಅಂದ. ಆಯಿ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. "ನಾಳಿ ಬಂದು ನೋಡತೇನಿ. ನೋಡದ ಹೆಂಗ ಹೇಳಲಿ?" ಅಂದಳು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಕೊಡೆ ಹಿಡಿದು, ಮಡಚಿದ ಗೋಣಿಚೀಲ ಒಂದನ್ನು ಕಂಕುಳಲ್ಲಿಟ್ಟುಕೊಂಡು ಆಯಿ ಮೈದಾನಕ್ಕೆ ಬಂದಳು. ಗೋಲಿನ ಹಿಂದೆ ಚೀಲ ಹಾಸಿ ಕೂತಳು. ಹುಡುಗಿಯರೆಲ್ಲ ನಾಚಿಕೆಯಿಂದ ಜೆರ್ಸಿ ಎಳೆದು ಎಳೆದು ಮೊಣಕಾಲಿಗೆ ಮುಟ್ಟಿಸಲು ನೋಡಿದರು. ಸರ್ ಆಟ ಹಚ್ಚಿದರು. ಸ್ವಲ್ಪ ಹೊತ್ತಿಗೆ ಎಡಗಡೆ ಕೆಳಗೆ ಒಂದು ಚೆಂಡು ಬಂತು, ನನ್ನ ತೋಳು ಎಂದಿನಂತೆ ಸೊಂಟದ ಹತ್ತಿರ ನಿಂತಿತು, ಚೆಂಡು ಒಳಗೆ ಹೋಗಿ ನೇರ ಆಯಿಯ ಮಡಿಲಿಗೆ ಬಂತು.

ಆಯಿ ಚೆಂಡು ಎತ್ತಿಕೊಂಡು ಎದ್ದಳು. ಅವಳ ಮುಖ ಕೆಂಪಾಗಿತ್ತು.

"ಕಣ್ಣ ಮುಂದ ಹಕ್ಕಿ ಬಂದು ತೆನಿ ತಿನ್ನಾಕತ್ತಾವ, ನೀ ನನ್ನ ಹೆಸರ ಹೇಳಿ ಸುಮ್ನ ನಿಂತೀ?"

"ನೀನ ಹೇಳಿದ್ದಿ, ಹೊಕ್ಕಳಿಂದ ಕೆಳಗ..."

"ನಾ ಹೇಳಿದ್ದು ನನಗ ನೆಪ್ಪೈತಿ!"

ಮತ್ತೆ ಚೀಲದ ಮೇಲೆ ಕೂತಳು. ಚೆಂಡನ್ನು ಸರ್‌ಗೆ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು. ಆಟ ನಿಂತೇಹೋಯಿತು. ನಾವೆಲ್ಲ ಬಿಸಿಲಲ್ಲಿ ಅವಳ ಬಾಯನ್ನೇ ನೋಡುತ್ತ ನಿಂತೆವು. ಇವಳು ಈಗ ಬೇಡ ಅಂದರೆ ಬೇಡವೇ, ಅದು ನನಗೆ ಗೊತ್ತಿತ್ತು.

ಕೊನೆಗೆ ಕೇಳಿದಳು. "ರಾತ್ರಿ ಮಲಗತೀಯಲ್ಲ, ಲಿಂಗ ಎಲ್ಲಿರತೈತಿ?"

"ಮೈಮ್ಯಾಲೆ."

"ಹೊಕ್ಕಳಕ್ಕಿಂತ ಮ್ಯಾಲೋ ಕೆಳಗೋ?"

ಮಲಗಿದವಳ ಲಿಂಗ ಜಾರಿ ಹಾಸಿಗೆಯ ಮೇಲೆ ಬಂದಿರುತ್ತದೆ, ಹೊಕ್ಕುಳು ಅದಕ್ಕಿಂತ ಎತ್ತರದಲ್ಲಿರುತ್ತದೆ.

"ನೆಲಕ್ಕ ಬಿದ್ದವ್ರಿಗೆ ಮ್ಯಾಲೆ ಕೆಳಗ ಅನ್ನೂದು ಇಲ್ಲ. ಎಲ್ಲಾ ಒಂದ ಸಮ. ನಿಂತ್ಕೊಂಡು ಕೈ ಇಳಿಸಬ್ಯಾಡ, ಅದು ತಪ್ಪು. ಬೀಳು. ಅರ್ಧಾಮರ್ಧಾ ಅಲ್ಲ, ಪೂರಾ ಬೀಳು."

ಸರ್ ಮುಖ ಆ ಕಡೆ ತಿರುಗಿಸಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು, ಧೂಳು ಅಂದರು. ಆಮೇಲೆ ಚೆಂಡು ಇಸಿದುಕೊಂಡು ಎಡಗಡೆಗೆ ಒದ್ದರು. ನಾನು ಬಿದ್ದೆ. ಗರಸಿನ ಮೇಲೆ ಭುಜ, ಪಕ್ಕೆ, ತೊಡೆ ಎಲ್ಲ ಒಮ್ಮೆಗೇ ಬಿದ್ದವು. ಚೆಂಡು ಅಂಗೈಗೆ ಬಂದು ಬಡಿದು ಹೊರಗೆ ಹೋಯಿತು. ಪಕ್ಕೆ ತರಿದು ರಕ್ತ ಬಂದಿತ್ತು, ನಾನು ನಗುತ್ತಿದ್ದೆ. ಅಲ್ಲಿಂದ ಮುಂದೆ ನಾನು ಕೈ ಚಾಚುವ ಕೀಪರ್ ಆಗಿ ಉಳಿಯಲಿಲ್ಲ.

ಧಾರವಾಡಕ್ಕೆ ಆಯಿಯೂ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ನಾನು ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ, ಸುತ್ತಲಿನ ಹುಡುಗಿಯರಿಗೆಲ್ಲ ಚುರಮುರಿ ಹಂಚುತ್ತಿದ್ದಳು. ಮೈದಾನದಲ್ಲಿ ಎಲ್ಲ ಸರಿಯಾಗಿಯೇ ಇತ್ತು, ರೆಫರಿ ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿ ಕಿವಿ, ಕೈ, ಕೊರಳು ನೋಡುವ ತನಕ. ಬೆಂಗಳೂರಿನಿಂದ ಬಂದಿದ್ದವರು. ನನ್ನ ಬ್ಯಾಂಡೇಜ್ ಒತ್ತಿ ನೋಡಿದರು.

"ಇದೇನಮ್ಮಾ, ಒಳಗಡೆ ಗಟ್ಟಿಯಾಗಿದೆ?"

ಹೇಳಿದೆ. ಅವರು ಕೆಟ್ಟ ಮನುಷ್ಯರೇನಲ್ಲ. ದನಿ ತಗ್ಗಿಸಿಯೇ ಮಾತಾಡಿದರು. "ನಂಗೂ ದೇವರಿದ್ದಾನಮ್ಮಾ. ಆದ್ರೆ ನೀನು ಬಿದ್ದಾಗ ಇನ್ನೊಬ್ಬಳ ಮುಖಕ್ಕೆ ತಾಗಿದ್ರೆ ಅವಳ ಹಲ್ಲು ಹೋಗತ್ತೆ. ತೆಗೆದಿಟ್ಟು ಬಾ. ಇಲ್ಲಾಂದ್ರೆ ಆಡಕ್ಕೆ ಬಿಡಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಅದೇ ಕಷ್ಟ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಮೈದಾನದ ಅಂಚಿಗೆ ಬಂದು ಆಯಿಯ ಮುಂದೆ ನಿಂತೆ. ಸರ್ ನನ್ನ ಹಿಂದೆ ಬಂದು ನಿಂತರು. ಕೀಪರ್ ಬದಲಿಸಬೇಕಾದರೆ ಅವರು ಆಗಲೇ ಹೆಸರು ಕೊಡಬೇಕಾಗಿತ್ತು, ಕೊಡದೆ ಕಾದಿದ್ದರು.

"ಆಡೂದಿಲ್ಲ ಬಿಡು ಆಯಿ. ಮನಿಗೆ ಹೋಗೂಣು" ಅಂದೆ.

ಆಯಿ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. ಬೆಳಿಗ್ಗೆ ತಾನೇ ಹಾಕಿದ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. "ನಿಮ್ಮಪ್ಪ ನನ್ನ ಹೊಟ್ಟ್ಯಾಗ ಹುಟ್ಟಿದಾಂವ. ನೀ ಅವಂಗ ಹುಟ್ಟಿದಾಕಿ. ನನ್ನ ಮೈ ಬ್ಯಾರೆ, ನಿನ್ನ ಮೈ ಬ್ಯಾರೆ ಅಂತ ಯಾರು ಹೇಳಿದ್ರು?" ವಸ್ತ್ರ ಬಿಚ್ಚಿ ನನ್ನ ಲಿಂಗವನ್ನು ತನ್ನ ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಪೂಜೆಗೆ ಕೂತಾಗ ಹಿಡಿಯುವ ಹಾಗೆಯೇ ಎದೆಯ ಮಟ್ಟಕ್ಕೆ ಹಿಡಿದಳು. "ಮೈಮ್ಯಾಲ ಐತಿ. ಹೋಗು, ಆಡು. ಈ ಕೈ ಇಳಿಯೂದಿಲ್ಲ."

ಗೋಲಿನ ಹಿಂದೆ ಚೀಲ ಹಾಸಿ ಕೂತಳು. ಆಟದ ನಡುವೆ ತಿರುಗಿ ನೋಡಿದಾಗಲೆಲ್ಲ ಆ ಕೈ ಹಾಗೇ ಇತ್ತು. ಅರ್ಧ ಆಟ ಮುಗಿದು ತಂಡಗಳು ಗೋಲು ಬದಲಿಸಿದಾಗ ನಾನು ಆ ತುದಿಗೆ ಹೋದೆ. ಆಯಿ ಎದ್ದಳು. ಬಲಗೈಯಲ್ಲಿ ಚೀಲ ಎಳೆಯುತ್ತ, ಎಡಗೈ ಎದೆಯ ಮುಂದೆ ಹಿಡಿದು, ಮೈದಾನದ ಸುತ್ತ ಮೆಲ್ಲಗೆ ನಡೆದು ಬಂದು ನನ್ನ ಹಿಂದೆ ಕೂತಳು. ಯಾರೋ ನೀರು ತಂದುಕೊಟ್ಟರು, ಕುಡಿಯಲಿಲ್ಲ. ಆ ಕಡೆಯ ತಂಡದ ಹುಡುಗಿಯೊಬ್ಬಳು ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು ನಿಂತಳು.

ಆಟ ಮುಗಿಯುವ ಹೊತ್ತಿಗೆ ಎಡಗಡೆಯ ಕೆಳಗಿನ ಮೂಲೆಗೆ ಒಂದು ಚೆಂಡು ಬಂತು. ಅದನ್ನು ಒದ್ದವಳಿಗೆ ನನ್ನ ಹಳೆಯ ಕಥೆ ಗೊತ್ತಿತ್ತು, ಆಗಲೇ ಕೈ ಎತ್ತಿ ಕುಣಿಯಲು ಶುರು ಮಾಡಿದ್ದಳು. ನಾನು ಪೂರಾ ಬಿದ್ದೆ. ಕಿರುಬೆರಳು ಮುರಿದದ್ದು ಆವಾಗಲೇ. ಚೆಂಡು ಮಾತ್ರ ನನ್ನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತ್ತು. ಜನ ಎದ್ದು ನಿಂತು ಕೂಗುತ್ತಿದ್ದರು. ಅಂಥ ಚೆಂಡನ್ನು ಮುಂದೆ ಎಷ್ಟೋ ಸಲ ಹಿಡಿದಿದ್ದೇನೆ, ಅಷ್ಟು ಖುಷಿ ಮತ್ತೆ ಆಗಲಿಲ್ಲ. ಎದ್ದು ಆಯಿಯ ಕಡೆ ಓಡಿದೆ.

"ನೋಡಿದೇನ ಆಯಿ?"

ಆಯಿ ಅಂಗೈಯಿಂದ ಕಣ್ಣು ಎತ್ತಿದಳು. "ಏನಾತು? ಗೆದ್ದ್ರೇನು?"

ಅವಳು ಆಟವನ್ನೇ ನೋಡಿರಲಿಲ್ಲ. ಲಿಂಗ ಅಂಗೈಯಲ್ಲಿದ್ದಾಗ ಅದನ್ನಲ್ಲದೆ ಬೇರೆ ನೋಡುವ ರೂಢಿ ಅವಳಿಗಿರಲಿಲ್ಲ. ಸರ್ ಅವಳಿಗೆ ಬಸ್ಸಿನಲ್ಲಿ ಎರಡೆರಡು ಸಲ ಅಭಿನಯ ಮಾಡಿ ತೋರಿಸಬೇಕಾಯಿತು.

ಆಯ್ಕೆಯಾಯಿತು, ಬೆರಳು ಗುಣವಾದ ಮೇಲೆ ರಾಜ್ಯ ತಂಡಕ್ಕೆ ಹೋದೆ, ಕೆಲವು ವರ್ಷಕ್ಕೆ ಇಲಾಖೆಯ ನೌಕರಿಯೂ ಸಿಕ್ಕಿತು. ದೂರದ ಊರುಗಳಿಗೆ ಆಯಿ ಬರುವುದು ಸಾಧ್ಯವಿರಲಿಲ್ಲ. ಅಲ್ಲಿ ಯಾರ ಕೈಗೆ ಕೊಡಲಿ ಎಂದು ಕೇಳಿದೆ. ಬೆಂಚಿನ ಮೇಲೆ ಕೂತಿರುವ ಎರಡನೇ ಕೀಪರ್ ಒಬ್ಬಳಿದ್ದಾಳೆ, ಕಾರವಾರದ ಕಡೆಯವಳು, ಮೀನುಗಾರರ ಮನೆಯ ಹುಡುಗಿ ಎಂದೆ. ಹೇಳುವಾಗ ನನಗೇ ಅಳುಕಿತ್ತು. ಆಯಿ ಕೇಳಿದ್ದು ಒಂದೇ. "ಆಕಿ ಕೈ ಗಟ್ಟಿ ಐತೇನ?"

"ಗಟ್ಟಿ ಐತಿ."

"ಮತ್ತೇನ? ನಿನ್ನ ಜೋಡಿ ಉಂಡಾಕಿ, ನಿನ್ನ ಜೋಡಿ ಬಿದ್ದಾಕಿ. ಕೊಡು."

ಆ ಹುಡುಗಿ ವರ್ಷಗಟ್ಟಲೆ ಎಷ್ಟೋ ಮೈದಾನಗಳ ಬೆಂಚಿನ ಮೇಲೆ ಎಡಗೈ ಎದೆಗೆ ಹಿಡಿದು ಕೂತಿದ್ದಾಳೆ. ನಾನು ಗಾಯಗೊಂಡು ಅವಳು ಒಳಗೆ ಹೋದ ದಿನ, ಅವಳ ಕೊರಳಲ್ಲಿನ ಮಾತೆ ಮೇರಿಯ ಪದಕವನ್ನು ನಾನು ಹಿಡಿದು ಕೂತಿದ್ದೇನೆ.

ಹೆಣ್ಣು ನೋಡಲು ಬರುವವರ ಕಾಟ ಮಾತ್ರ ನೌಕರಿ ಸಿಕ್ಕ ಮೇಲೆ ಇನ್ನೂ ಹೆಚ್ಚಾಯಿತು. ಸಂಬಳ ಎಲ್ಲರಿಗೂ ಬೇಕು, ಬೆರಳು ಯಾರಿಗೂ ಬೇಡ. ದೇಶಪಾಂಡೆ ನಗರದಿಂದ ಬಂದ ಒಬ್ಬ ವರನ ತಾಯಿ ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿ, "ಈ ಬಟ್ಟಿನಾಗ ರೊಟ್ಟಿ ಬಡಿಯಾಕ ಬರತೈತೇನ್ರಿ?" ಅಂದರು. ಆಯಿ ಒಳಗಿನಿಂದಲೇ ಹೇಳಿದಳು, "ಬಡಿಯಾಕ ಛಲೋ ಬರತೈತ್ರಿ. ರೊಟ್ಟಿ ಅಂತ ಏನಿಲ್ಲ, ಯಾರು ಮುಂದ ಬಂದ್ರೂ ಬಡಿತಾಳ." ಚಹಾ ಕುಡಿಯದೆಯೇ ಎದ್ದು ಹೋದರು. ಅಪ್ಪ ಒಂದು ವಾರ ತಾಯಿಯ ಜೊತೆ ಮಾತು ಬಿಟ್ಟ. ನನ್ನ ಜೊತೆ ಅಂತೂ ಅವನದು ಮೊದಲಿನಿಂದಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಬೇಡ ಅನ್ನುತ್ತಿರಲಿಲ್ಲ, ಹೂಂ ಅನ್ನುತ್ತಿರಲಿಲ್ಲ. ನನ್ನ ಒಂದು ಪಂದ್ಯವನ್ನೂ ಅವನು ನೋಡಲಿಲ್ಲ. ಆ ನೋವು ನನಗೆ ಇತ್ತು, ಈಗಲೂ ಇದೆ.

ಆಯಿ ಹೋದ ದಿನ ನಾನು ಬೇರೆ ಊರಿನಲ್ಲಿ ತರಬೇತಿಯ ಶಿಬಿರದಲ್ಲಿದ್ದೆ. ಅವ್ವ ಫೋನ್ ಮಾಡಿದಳು. ನನ್ನ ಮಂಡಿ ಆಗಲೇ ಕೆಟ್ಟಿತ್ತು, ಅದೇ ನನ್ನ ಕೊನೆಯ ವರ್ಷ ಎಂದು ನನಗೂ ಗೊತ್ತಿತ್ತು. ಸಿಕ್ಕ ಬಸ್ಸು ಹತ್ತಿ ಬಂದೆ. ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ, ಮಣ್ಣಿಗೆ ಕೊಡುವುದೂ ಕೂತ ಹಾಗೆಯೇ. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಕೊರಳ ತುಂಬ ಹೂವು. ಎಡ ಅಂಗೈಯಲ್ಲಿ ಅವಳ ಲಿಂಗ. ಓಣಿಯವರು ತಾಳ ಹಿಡಿದು ಭಜನೆ ಮಾಡುತ್ತಿದ್ದರು. ಸರ್ ಹೊಸ್ತಿಲ ಆಚೆ, ಅಂದು ನಿಂತಿದ್ದ ಜಾಗದಲ್ಲೇ ನಿಂತಿದ್ದರು.

ಆಯಿಯ ಕೈ ಜಾರುತ್ತಿತ್ತು. ಅಯ್ಯನವರು ಎತ್ತಿ ಎದೆಯ ಹತ್ತಿರ ಇಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಮಡಿಲ ಕಡೆ ಇಳಿಯುತ್ತಿತ್ತು. "ಒಂದು ಅರಿವಿ ತರ್ರಿ, ಕಟ್ಟಿಬಿಡೂಣು" ಅಂದರು.

"ಕಟ್ಟಬ್ಯಾಡ್ರಿ" ಅಂದೆ. "ನಾ ಹಿಡಕೋತೇನಿ."

ಹೆಗಲ ಚೀಲವನ್ನು ಇಳಿಸಿ ಅವಳ ಎಡಗಡೆ ಕೂತೆ. ಅವಳ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಬಹಳ ಹಗುರಾಗಿತ್ತು ಅವಳ ಕೈ, ತಣ್ಣಗಿತ್ತು. ಜನ ಬಂದರು, ಹೂವು ಹಾಕಿದರು, ಕಾಲು ಮುಟ್ಟಿದರು, ಹೋದರು. ತೋಳು ಮರಗಟ್ಟಿತು, ಆಮೇಲೆ ಉರಿಯಿತು, ಆಮೇಲೆ ನನ್ನದೇ ಅನ್ನಿಸಲಿಲ್ಲ. ಅಪ್ಪನ ತಂಗಿ, ನಮ್ಮ ಅತ್ತೆ ಬಂದು, "ನಾ ಹಿಡಿತೇನಿ, ನೀ ಒಂದೀಟು ನೀರು ಕುಡಿ" ಅಂದಳು. ತಲೆ ಅಲ್ಲಾಡಿಸಿದೆ. ಅಳು ಬರುತ್ತಿತ್ತು, ಒರೆಸಿಕೊಳ್ಳಲು ಒಂದೇ ಕೈ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಎತ್ತಲು ಗಂಡಸರು ಬಂದರು. ಅಯ್ಯನವರು, "ಬಿಡವಾ ತಂಗಿ, ಇನ್ನ ನಾವು ನೋಡಕೋತೇವಿ" ಅಂದರು. ನಾನು ಬಿಡಲಿಲ್ಲ. ಹಟವಲ್ಲ, ಬಿಟ್ಟರೆ ಇಳಿಯುತ್ತದೆ ಎಂದು ಗೊತ್ತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅಪ್ಪ ಜನರ ನಡುವಿನಿಂದ ಬಂದು ನನ್ನ ಪಕ್ಕದಲ್ಲಿ ಮಂಡಿಯೂರಿದ. ನನ್ನ ಡೊಂಕು ಬೆರಳುಗಳನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹೆಂಗ ಹಿಡೀಬೇಕು, ತೋರಸು" ಅಂದ.

ತೋರಿಸಿದೆ. ಅವನು ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ತಂದ, ಬೆರಳುಗಳನ್ನು ಅಗಲಿಸಿ ಗಟ್ಟಿಯಾಗಿ ಹಿಡಿದ. ಅದಾದ ಮೇಲೆಯೇ ನಾನು ನನ್ನ ಕೈ ತೆಗೆದೆ.